ಸೋತರೆ ಗಂಡನ ವಕೀಲರ ಫೀಸನ್ನೂ ನಾನೇ ಕಟ್ಟಬೇಕಾ?

ಪ್ರಶ್ನೆ: ನಾನು ಕುಮಟಾ ಕಡೆಯವಳು. ಮದುವೆಯಾಗಿ ಹನ್ನೆರಡು ವರ್ಷ, ಒಬ್ಬಳು ಮಗಳು. ಗಂಡ ಕಾರವಾರದಲ್ಲಿ ನೌಕರಿ ಮಾಡುತ್ತಾರೆ. ಅವರ ಮನೆತನಕ್ಕೆ ಶಿರಸಿ ಹತ್ತಿರ ಅಡಿಕೆ ತೋಟವಿದೆ. ಕಾರವಾರದ ಮನೆಯನ್ನು ಬ್ಯಾಂಕ್ ಸಾಲ ಮಾಡಿ ಇಬ್ಬರ ಹೆಸರಲ್ಲೂ ಕೊಂಡಿದ್ದೆವು. ಒಂದೂವರೆ ವರ್ಷದಿಂದ ನಾನು ತವರಿನಲ್ಲಿದ್ದೇನೆ. ಖಾಸಗಿ ಶಾಲೆಯಲ್ಲಿ ಕಲಿಸುತ್ತೇನೆ, ಸಂಬಳ 14,000 ರೂಪಾಯಿ. ಈಗ ಅವರು ಕಾರವಾರದಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದಾರೆ. ಮನೆ, ಬಂಗಾರ, ತೋಟದಲ್ಲಿ ನನ್ನದನ್ನು ಕೇಳಿದರೆ "ಕೇಸು ಸೋತರೆ ನಮ್ಮ ವಕೀಲರ ಖರ್ಚನ್ನೂ ನೀನೇ ಕಟ್ಟಬೇಕು, ಲಕ್ಷಗಟ್ಟಲೆ ಆಗ್ತದೆ" ಎಂದು ಹೆದರಿಸುತ್ತಾರೆ. ಇತ್ತ ನಾನು ವಿಚಾರಿಸಿದ ವಕೀಲರೊಬ್ಬರು "ಈಗ ಫೀಸು ಬೇಡ, ಮನೆ ಕೈಗೆ ಬಂದ ಮೇಲೆ ಹತ್ತು ಪರ್ಸೆಂಟ್ ಕೊಡಿ" ಎಂದರು. ಇಷ್ಟೆಲ್ಲ ಖರ್ಚು ಕೊನೆಗೆ ಯಾರ ತಲೆಗೆ?

ಉತ್ತರ: ಮೊದಲು ಆ ಲಕ್ಷಗಟ್ಟಲೆ ಮಾತನ್ನು ಬದಿಗಿಡೋಣ. ಹೆಂಡತಿ ಕೇಸು ಹಾಕದೇ ಇರಲಿ ಅಂತ ಹೇಳುವ ಮಾತು ಅದು. ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಈ ಒಂದು ಮಾತಿಗೇ ಹೆದರಿ ಸುಮ್ನೆ ಕೂತಿದ್ದಾರೆ.

ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಕಲಂ ಪ್ರಕಾರ ಗೆದ್ದವರ ಖರ್ಚನ್ನು ಸೋತವರು ಕೊಡುವುದು ಸಾಮಾನ್ಯ ನಿಯಮ. ಹಾಗೆ ಕೊಡಿಸುವುದಿಲ್ಲ ಎಂದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಆದರೆ ಇಲ್ಲಿ ಖರ್ಚು ಅಂದರೆ ವಕೀಲರಿಗೆ ಕೈಯಾರೆ ಎಣಿಸಿ ಕೊಟ್ಟ ಹಣವಲ್ಲ. ಕೋರ್ಟ್ ಫೀ, ಸಮನ್ಸಿನ ಫೀ, ಸಾಕ್ಷಿಗಳ ಬತ್ತೆ, ಕೋರ್ಟು ನೇಮಿಸಿದ ಕಮಿಷನರ್ ಫೀ, ಜೊತೆಗೆ ನಿಯಮದಲ್ಲಿ ಇಂತಿಷ್ಟು ಎಂದು ಗೊತ್ತುಮಾಡಿದ ವಕೀಲರ ಫೀ. ಡಿಕ್ರಿಯ, ಅಂದರೆ ತೀರ್ಪಿನ ಮೇಲೆ ಕೋರ್ಟು ಬರೆಯುವ ಅಂತಿಮ ಆದೇಶದ, ಕೊನೆಯ ಪುಟದಲ್ಲಿ ಇದರದೊಂದು ಪಟ್ಟಿ ಇರುತ್ತದೆ. ಯಾರದಾದರೂ ಹಳೇ ಡಿಕ್ರಿ ಸಿಕ್ಕರೆ ಆ ಪುಟ ನೋಡಿ. ಅದರಲ್ಲಿರುವ ವಕೀಲರ ಫೀಗೂ ಊರಲ್ಲಿ ನಿಜವಾಗಿ ನಡೆಯುವ ಫೀಸಿಗೂ ಏನೇನೂ ಸಂಬಂಧ ಇರುವುದಿಲ್ಲ. ಗೆದ್ದವರಿಗೆ ನಿಜವಾದ, ನ್ಯಾಯವಾದ ಖರ್ಚು ಸಿಗಬೇಕು ಎಂದು ಸುಪ್ರೀಂ ಕೋರ್ಟ್ 2005ರಲ್ಲೂ ಹೇಳಿದೆ, 2010 ಮತ್ತು 2011ರ ತೀರ್ಪುಗಳಲ್ಲೂ ಬೇಸರದಿಂದಲೇ ಹೇಳಿದೆ. ಕೆಳಗಿನ ಕೋರ್ಟುಗಳ ರೂಢಿ ಅಷ್ಟಾಗಿ ಬದಲಾಗಿಲ್ಲ.

ಗಂಡ ಹೆಂಡತಿ ಜಗಳದಲ್ಲಂತೂ ತೀರ್ಪಿನ ಕೊನೆಯ ಸಾಲು ಬಹುಪಾಲು ಒಂದೇ: ಉಭಯ ಪಕ್ಷಗಾರರು ತಮ್ಮ ತಮ್ಮ ಖರ್ಚನ್ನು ತಾವೇ ಭರಿಸತಕ್ಕದ್ದು. ಇನ್ನು ಸುಳ್ಳು ಕೇಸು ಹಾಕಿ ಸತಾಯಿಸಿದ್ದಕ್ಕೆ ಪರಿಹಾರ ಕೊಡಿಸುವ 35ಎ ಕಲಂ ಇದೆ. ಅದರಲ್ಲಿ ಸಿಗುವ ಗರಿಷ್ಠ ಮೊತ್ತ 3,000 ರೂಪಾಯಿ. ಹೌದು, ಮೂರೇ ಸಾವಿರ. ಖೊಟ್ಟಿ ದಾಖಲೆ ತಂದು ಸಿಕ್ಕಿಬಿದ್ದರೆ ಬೇರೆ ಮಾತು. ನಿಮ್ಮದು ಆ ಪೈಕಿ ಅಲ್ಲ ಅಲ್ವಾ.

ಇದೇ ಲೆಕ್ಕ ನಿಮಗೂ ಅನ್ವಯಿಸುತ್ತದೆ. ಗೆದ್ದರೆ ನನ್ನ ವಕೀಲರ ಫೀಸು ಗಂಡನಿಂದ ಪೂರ್ತಿ ವಸೂಲಾಗುತ್ತದೆ ಎಂದು ನಂಬಿ ಬಂಗಾರ ಅಡವಿಡಬೇಡಿ.

ಹಾಗಾದರೆ ಗಂಡನಿಂದ ಖರ್ಚು ಸಿಗುವ ದಾರಿಯೇ ಇಲ್ಲವಾ? ಇದೆ. ಆದರೆ ಅದು ನೀವು ಯಾವ ಕಾಗದವನ್ನು, ಯಾವ ಕೇಸಿನಲ್ಲಿ ಹಾಕುತ್ತೀರಿ ಎನ್ನುವುದರ ಮೇಲೆ ನಿಂತಿದೆ. ಹಿಂದೂ ವಿವಾಹ ಕಾಯ್ದೆ 1955ರ 24ನೇ ಕಲಂ ಇಲ್ಲಿ ನಿಮ್ಮ ಕೈಗೆ ಬರುವ ಮುಖ್ಯ ಸಾಧನ. ಸಾಕಷ್ಟು ಸ್ವಂತ ಆದಾಯ ಇಲ್ಲದವರಿಗೆ ಕೇಸು ನಡೆಯುವಷ್ಟು ಕಾಲ ತಿಂಗಳ ಜೀವನಾಂಶವನ್ನೂ, ಕೇಸಿನ ಖರ್ಚನ್ನೂ ಇನ್ನೊಬ್ಬರಿಂದ ಕೊಡಿಸಬಹುದು. ಇದಕ್ಕೆ ಗೆಲ್ಲಬೇಕಾಗಿಲ್ಲ, ಸೋಲುವ ಪ್ರಶ್ನೆಯೂ ಇಲ್ಲ. ಕೇಸಿನ ಮೊದಲಲ್ಲೇ ಕೇಳುವುದು. ಎದುರಿನವರಿಗೆ ನೋಟಿಸು ತಲುಪಿದ 60 ದಿನದೊಳಗೆ ಆದಷ್ಟು ಮಟ್ಟಿಗೆ ತೀರ್ಮಾನ ಮಾಡಬೇಕು ಎಂದು ಕಾಯ್ದೆಯೇ ಹೇಳುತ್ತದೆ. ವಾಸ್ತವದಲ್ಲಿ ಜಾಸ್ತಿ ಹಿಡಿಯುತ್ತದೆ, ಅದು ಬೇರೆ.

ನಿಮಗೆ ಸಂಬಳ ಇದೆ ಎಂಬ ಒಂದೇ ಕಾರಣಕ್ಕೆ ಈ ಅರ್ಜಿ ಬಿದ್ದುಹೋಗುವುದಿಲ್ಲ. ಪ್ರಶ್ನೆ ಇರುವುದು ಆ 14,000 ಸಾಕಾಗುತ್ತದಾ ಎಂಬುದು. ಮಗಳ ಶಾಲೆ, ಕುಮಟಾದಿಂದ ಕಾರವಾರಕ್ಕೆ ಪ್ರತಿ ಮುದ್ದತಿಗೆ ಓಡಾಟ, ಆ ದಿನ ಶಾಲೆಯಲ್ಲಿ ಕಡಿತವಾಗುವ ಸಂಬಳ, ವಕೀಲರ ಫೀಸು, ನಕಲು ತೆಗೆಸುವ ಖರ್ಚು ಎಲ್ಲವನ್ನೂ ಅರ್ಜಿಯಲ್ಲಿ ಬಿಡಿಬಿಡಿಯಾಗಿ ಬರೆಸಿ. "ಕೇಸಿನ ಖರ್ಚು 50,000" ಎಂದು ಒಂದೇ ಸಾಲಿನಲ್ಲಿ ಬರೆದ ಅರ್ಜಿಗೆ ಕೋರ್ಟು ತನಗೆ ತೋಚಿದ ಯಾವುದೋ ಸಣ್ಣ ಮೊತ್ತ ಹಾಕುತ್ತದೆ. ಬಸ್ ಟಿಕೆಟ್ಟಿನ ಸಮೇತ ಲೆಕ್ಕ ಕೊಟ್ಟವರಿಗೆ ಸ್ವಲ್ಪ ಮೇಲು. ಅಂದ ಹಾಗೆ, ಈ ಕಲಂನಲ್ಲಿ ಗಂಡಸರೂ ಕೇಳಬಹುದು. ಹೆಂಡತಿ ಸರ್ಕಾರಿ ನೌಕರಿಯಲ್ಲಿದ್ದು ಗಂಡನಿಗೆ ಕೆಲಸವಿಲ್ಲದಿದ್ದರೆ ಖರ್ಚು ಅವಳ ತಲೆಗೂ ಬರಬಹುದು.

ಇಲ್ಲಿ ತೋಟದ ಮಾತು ಬರುತ್ತದೆ, ಸ್ವಲ್ಪ ನಿಧಾನವಾಗಿ ಓದಿ. 2020ರ ನವೆಂಬರಿನಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರತಿ ಕೇಸಿನಲ್ಲೂ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಸಲ್ಲಿಸಬೇಕು ಎಂದಿತು. ನಿಮ್ಮ ಗಂಡ ಅದರಲ್ಲಿ ಸಂಬಳದ ಸ್ಲಿಪ್ ಇಟ್ಟು ಕೈತೊಳೆದುಕೊಳ್ಳುವ ಸಾಧ್ಯತೆ ಜಾಸ್ತಿ. ಅಡಿಕೆ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ತೆರಿಗೆ ಕಾಗದಗಳನ್ನು ನೋಡಿ ತೋಟದ ನಿಜವಾದ ಆದಾಯ ತಿಳಿಯುವುದು ಕಷ್ಟ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬಹುಮಟ್ಟಿಗೆ ಸಹಕಾರಿ ಸಂಘಗಳ ವಖಾರಿಗೆ ಹೋಗುತ್ತದೆ. ವಿಕ್ರಿ ಪಟ್ಟಿ ಇರುತ್ತದೆ, ಸದಸ್ಯನ ಖಾತೆಗೆ ಜಮಾ ಆಗುತ್ತದೆ. ಪಹಣಿಯಲ್ಲಿ ಗಂಡನ ಹೆಸರಿದ್ದರೆ ಆ ಸರ್ವೆ ನಂಬರಿನ ಪಹಣಿ ತೆಗೆಸಿ. ಸಂಘದ ಖಾತೆಯ ಉತಾರ ತರಿಸಿ ಎಂದು ಕೋರ್ಟಿಗೆ ಅರ್ಜಿ ಕೊಡಿ. ಖರ್ಚಿನ ಮೊತ್ತ ಏರುವುದು ಇಂಥ ಕಾಗದದಿಂದ, ವಾದದಿಂದ ಅಲ್ಲ.

ಆದರೆ ತೋಟದಲ್ಲೇ ಪಾಲು ಕೇಳುತ್ತೇನೆ ಎಂದರೆ ನಾನು ಬೇಡ ಎನ್ನುತ್ತೇನೆ. ಗಂಡನ ಪಿತ್ರಾರ್ಜಿತ ಆಸ್ತಿಯಲ್ಲಿ, ಅವರು ಬದುಕಿರುವಾಗ, ಪಾಲು ಮಾಡಿಕೊಡಿ ಎಂದು ಕೇಳುವ ಹಕ್ಕು ಹೆಂಡತಿಗಿಲ್ಲ. ವಿಚ್ಛೇದನವಾದ ಮಾತ್ರಕ್ಕೆ ಅದು ಹುಟ್ಟುವುದೂ ಇಲ್ಲ. ಆ ತೋಟ ಪಿತ್ರಾರ್ಜಿತವೇ ಆಗಿದ್ದರೆ ಮಗಳಿಗೆ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 2005ರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಪಾಲುದಾರಳು, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ಆದರೆ ಅವಳ ಪರವಾಗಿ ನೀವು ದಾವೆ ಹಾಕಿದರೆ, ಅದು ಮಗುವಿನ ಹಿತಕ್ಕಲ್ಲ, ಗಂಡನ ಮೇಲಿನ ಸಿಟ್ಟಿಗೆ ಹಾಕಿದ್ದು ಎಂದು ಕೋರ್ಟಿಗೆ ಅನಿಸಿದರೆ, ಖರ್ಚನ್ನು ನಿಮ್ಮ ಮೇಲೇ ಹಾಕಬಹುದು. ಗಂಡ ಹೇಳಿದ ಬೆದರಿಕೆ ಸ್ವಲ್ಪವಾದರೂ ನಿಜವಾಗುವುದು ಈ ಒಂದು ಜಾಗದಲ್ಲಿ. ತೋಟವನ್ನು ಆದಾಯದ ಲೆಕ್ಕಕ್ಕೆ ಬಳಸಿ, ಪಾಲಿನ ಲೆಕ್ಕಕ್ಕೆ ಈಗ ಬೇಡ.

ಕಾರವಾರದವರು ಪದೇ ಪದೇ ಕೇಳುವ ಇನ್ನೊಂದು ಮಾತು: "ಗೋವಾದಲ್ಲಿ ಹೆಂಡತಿಗೆ ಅರ್ಧ ಆಸ್ತಿ ಬರ್ತದಂತಲ್ಲ?" ಬರುತ್ತದೆ. ಅಲ್ಲಿ ಪೋರ್ಚುಗೀಸರ ಕಾಲದ 1867ರ ಸಿವಿಲ್ ಕೋಡ್ ಇನ್ನೂ ನಡೆಯುತ್ತಿದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರದೂ ಅರ್ಧರ್ಧ. ಗಡಿಯ ಮಾಜಾಳಿ ದಾಟಿದರೆ ಒಂದು ಕಾನೂನು, ಈಚೆ ಇನ್ನೊಂದು. ನಮ್ಮಲ್ಲಿ ಕಾಗದ ಯಾರ ಹೆಸರಲ್ಲಿದೆಯೋ ಆಸ್ತಿ ಅವರದು. ನಿಮ್ಮ ಗಂಡ ಗೋವಾ ಮೂಲದವರಾಗಿದ್ದರೆ ಮಾತ್ರ ಅಲ್ಲಿನ ವಕೀಲರನ್ನು ಕೇಳಿ.

ಬಂಗಾರದ ವಿಷಯ ಸುಲಭ. ತವರಿನವರು ಹಾಕಿದ್ದು, ಮದುವೆಯಲ್ಲಿ ನಿಮಗೆ ಉಡುಗೊರೆ ಬಂದದ್ದು ಸ್ತ್ರೀಧನ, ಪೂರ್ತಿ ನಿಮ್ಮದೇ. 1985ರ ಪ್ರತಿಭಾ ರಾಣಿ ತೀರ್ಪಿನಿಂದ ಇತ್ತ ಸುಪ್ರೀಂ ಕೋರ್ಟಿನ ನಿಲುವು ಇದೇ. ಇದಕ್ಕೆ ಬೇರೆ ದಾವೆ ಹೂಡಿ, ಬಂಗಾರದ ಬೆಲೆಯ ಮೇಲೆ ಕೋರ್ಟ್ ಫೀ ಕಟ್ಟುವ ದಾರಿ ಹಿಡಿಯಬೇಡಿ. ಅದನ್ನು ಇಟ್ಟುಕೊಂಡು ಕೊಡದೇ ಇರುವುದು ಕೌಟುಂಬಿಕ ಹಿಂಸೆ ಕಾಯ್ದೆ 2005ರ ಪ್ರಕಾರ ಆರ್ಥಿಕ ದೌರ್ಜನ್ಯ. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಟ್ಟರೆ ವಾಪಸು ಕೊಡಿಸುವ ಆದೇಶ ಸಿಗುತ್ತದೆ. ತಾಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಸಂರಕ್ಷಣಾಧಿಕಾರಿ ಇರುತ್ತಾರೆ, ಅರ್ಜಿ ಬರೆಯುವುದಕ್ಕೆ ಅವರೇ ಸಹಾಯ ಮಾಡಬೇಕು. ಮದುವೆ ಫೋಟೊ, ಅಂಗಡಿಯ ಬಿಲ್ಲು ಹುಡುಕಿಡಿ.

ಇನ್ನು ಮನೆ. ನಿಜವಾಗಿ ಖರ್ಚಾಗುವುದು ಇಲ್ಲೇ.

ಹಿಂದೂ ವಿವಾಹ ಕಾಯ್ದೆಯ 27ನೇ ಕಲಂನಲ್ಲಿ ವಿಚ್ಛೇದನದ ಕೋರ್ಟೇ ಆಸ್ತಿ ಹಂಚಬಹುದು. ಆದರೆ ಅದು ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಆಸ್ತಿಗೆ. ವರ್ಷಗಳ ನಂತರ ಸಾಲ ಮಾಡಿ ಕೊಂಡ ಮನೆ ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಕೌಟುಂಬಿಕ ನ್ಯಾಯಾಲಯ ಇರುವ ಕಡೆ, 1984ರ ಕಾಯ್ದೆಯ 7ನೇ ಕಲಂ ಪ್ರಕಾರ ಗಂಡ ಹೆಂಡತಿಯ ನಡುವಿನ ಆಸ್ತಿ ದಾವೆಯೂ ಅಲ್ಲೇ ನಡೆಯುತ್ತದೆ. ಇಲ್ಲದ ಕಡೆ ವಿಚ್ಛೇದನ ಹಿರಿಯ ಸಿವಿಲ್ ಜಡ್ಜ್ ಕೋರ್ಟಿನಲ್ಲಿ, ಮನೆಗೆ ಪ್ರತ್ಯೇಕ ಪಾಲಿನ ದಾವೆ. ಗಮನಿಸಿ, 24ನೇ ಕಲಂನಲ್ಲಿ ಸಿಗುವ ಖರ್ಚು ವಿವಾಹ ಕಾಯ್ದೆಯ ಕೇಸಿಗೆ ಮಾತ್ರ. ಪಾಲಿನ ದಾವೆಯ ಖರ್ಚು ಅದರೊಳಗೆ ಬರುವುದಿಲ್ಲ. ಅದನ್ನು ಸದ್ಯಕ್ಕೆ ನಿಮ್ಮ ಕೈಯಿಂದಲೇ ಹಾಕಬೇಕು. ಹಾಗಾಗಿ ವಿಚ್ಛೇದನದ ಅರ್ಜಿಯ ಒಳಗೇ ಏನೇನು ಕೇಳಲು ಬರುತ್ತದೋ ಅದನ್ನೆಲ್ಲ ಅಲ್ಲೇ ಕೇಳಿ. ಶಾಶ್ವತ ಜೀವನಾಂಶ, ಮಗಳ ಖರ್ಚು ಎಲ್ಲ ಅಲ್ಲೇ ಆಗುತ್ತದೆ.

ಪಾಲಿನ ದಾವೆ ಹಾಕಲೇಬೇಕಾಗಿ ಬಂದರೆ ಕೋರ್ಟ್ ಫೀ ಬಗ್ಗೆ ಒಂದು ಸೂಕ್ಷ್ಮವಿದೆ. ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆ 1958ರ 35ನೇ ಕಲಂ ಪ್ರಕಾರ, ಆಸ್ತಿ ನಿಮ್ಮ ಜಂಟಿ ಸ್ವಾಧೀನದಲ್ಲೂ ಇದ್ದರೆ ಒಂದು ಸಣ್ಣ ನಿಗದಿತ ಶುಲ್ಕ. ನಿಮ್ಮನ್ನು ಸ್ವಾಧೀನದಿಂದ ಹೊರಗೆ ಹಾಕಿದ್ದರೆ ನಿಮ್ಮ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ. ಕಾರವಾರದಲ್ಲಿ ಈಗಿನ ಮನೆ ಬೆಲೆಗೆ ಅದು ದೊಡ್ಡ ಮೊತ್ತವೇ ಆಗುತ್ತದೆ. ಯಾವುದು ಅನ್ವಯಿಸುತ್ತದೆ ಎಂದು ನೋಡುವುದು ನಿಮ್ಮ ದಾವಾಪತ್ರದಲ್ಲಿ ಬರೆದದ್ದನ್ನು ಓದಿ. ತವರಿಗೆ ಬಂದು ಕೂತ ಮಾತ್ರಕ್ಕೆ ಸ್ವಾಧೀನ ಹೋಗುವುದಿಲ್ಲ. ಸಹಮಾಲೀಕರಲ್ಲಿ ಒಬ್ಬರು ವಾಸವಿದ್ದರೂ ಸ್ವಾಧೀನ ಎಲ್ಲರದೂ ಎಂಬುದೇ ಕಾನೂನಿನ ಊಹೆ. 1980ರಲ್ಲಿ ನೀಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಸುಳ್ಳು ಬರೆಯಿರಿ ಎಂದಲ್ಲ. ಸಿಟ್ಟಿನಲ್ಲಿ "ನನಗೆ ಮನೆಯ ಮೇಲೆ ಯಾವ ಸ್ವಾಧೀನವೂ ಇಲ್ಲ" ಎಂದು ಅಳತೆ ಮೀರಿ ಬರೆಸಬೇಡಿ, ಅಷ್ಟೇ. ಆ ಒಂದು ವಾಕ್ಯದ ಬೆಲೆ ಲಕ್ಷವಾಗಬಹುದು.

ಸಾಲದ ಕಂತು ಕಟ್ಟಿದ್ದು ನಾನು, ಮನೆ ಪೂರ್ತಿ ನನ್ನದು ಎಂದು ಗಂಡ ಹೇಳುತ್ತಾರೆ, ನೋಡುತ್ತಿರಿ. ಬೇರೆ ಬೇರೆ ಹಣ ಹಾಕಿ ಇಬ್ಬರ ಹೆಸರಲ್ಲಿ ಕೊಂಡ ಆಸ್ತಿಯಲ್ಲಿ ಪಾಲು ಹಾಕಿದ ಹಣದ ಪ್ರಮಾಣಕ್ಕೆ. ಯಾರು ಎಷ್ಟು ಹಾಕಿದರು ಎಂಬುದಕ್ಕೆ ಪುರಾವೆ ಇಲ್ಲದಿದ್ದರೆ ಸಮಪಾಲು. ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಕಲಂ ಇದು. ನಿಮ್ಮ ಸಂಬಳದಿಂದ ಮನೆಗೆ ಹೋದ ಪ್ರತಿ ರೂಪಾಯಿಯ ಬ್ಯಾಂಕ್ ದಾಖಲೆ ಬೇಕಾಗುವುದು ಇದಕ್ಕೇ. ಮುಂಗಡ ಹಣಕ್ಕೆ ನಿಮ್ಮ ಅಪ್ಪ ಕೊಟ್ಟದ್ದಿದ್ದರೆ ಅದರದ್ದೂ. ಇನ್ನು ಬ್ಯಾಂಕಿಗೆ ನಿಮ್ಮ ವಿಚ್ಛೇದನ ಸಂಬಂಧವಿಲ್ಲ. ಸಾಲಪತ್ರಕ್ಕೆ ನೀವೂ ಸಹಿ ಹಾಕಿದ್ದರೆ ಅವರು ಕಂತು ನಿಲ್ಲಿಸಿದ ದಿನ ನೋಟಿಸು ನಿಮಗೂ ಬರುತ್ತದೆ.

ಒಂದು ಮನೆಯನ್ನು ಮಧ್ಯೆ ಗೋಡೆ ಎಬ್ಬಿಸಿ ಹಂಚಲು ಆಗುವುದಿಲ್ಲ. ಆಗ 1893ರ ವಿಭಜನಾ ಕಾಯ್ದೆಯ ಪ್ರಕಾರ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲಿರುವವರು, ಮಾರಿ ಹಣ ಹಂಚಿ ಎಂದು ಕೇಳಬಹುದು. ನೀವು ಹಾಗೆ ಕೇಳಿದ ಮೇಲೆ, ಕೋರ್ಟು ಕಟ್ಟಿದ ಬೆಲೆಗೆ ನಿಮ್ಮ ಪಾಲನ್ನು ತಾವೇ ಕೊಳ್ಳುವ ಅವಕಾಶ ಗಂಡನಿಗೂ ಇದೆ. ಈ ಹಂತದ ಕಮಿಷನರ್ ಫೀ, ಬೆಲೆ ಕಟ್ಟುವವರ ಫೀ ಸಾಮಾನ್ಯವಾಗಿ ಪಾಲಿನ ಪ್ರಮಾಣದಲ್ಲಿ ಇಬ್ಬರ ಮೇಲೂ ಬೀಳುತ್ತದೆ. ಯಾರು ಗೆದ್ದರು ಎಂಬುದು ಇಲ್ಲಿ ಅಷ್ಟು ಮುಖ್ಯವಲ್ಲ.

ಮುದ್ದತಿ ಎಳೆಯುವುದರ ಬಗ್ಗೆ ಎರಡು ಮಾತು. ಗಂಡನ ಕಡೆಯವರು ಪ್ರತಿ ಸಲ ಮುಂದಿನ ದಿನಾಂಕ ಕೇಳಿದರೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಬಿ ಕಲಂ ತೋರಿಸಿ ಅವತ್ತಿನ ನಿಮ್ಮ ಖರ್ಚು ಕೇಳಲು ನಿಮ್ಮ ವಕೀಲರಿಗೆ ಹೇಳಿ. ಕೋರ್ಟು ಖರ್ಚು ಹಾಕಿದರೆ, ಅದನ್ನು ಕಟ್ಟದೆ ಅವರು ಕೇಸು ಮುಂದುವರಿಸುವಂತಿಲ್ಲ. ಮೊತ್ತ ಸಣ್ಣದೇ. ಆದರೆ ಒಂದೆರಡು ಸಲ ಕಟ್ಟಿದ ಮೇಲೆ ದಿನಾಂಕ ಕೇಳುವ ಚಟ ಕಡಿಮೆಯಾಗುವುದನ್ನು ನಾನು ನೋಡಿದ್ದೇನೆ. 24ನೇ ಕಲಂನ ಆದೇಶದ ಹಣ ಕೊಡದಿದ್ದರೆ ಡಿಕ್ರಿಯ ಹಾಗೆಯೇ ಜಾರಿ ಮಾಡಿಸಬಹುದು. ಖರ್ಚಿನ ವಿಷಯ ಒಂದಕ್ಕೇ ಮೇಲ್ಮನವಿ ಹೋಗುತ್ತೇನೆ ಎಂದರೆ ಹಿಂದೂ ವಿವಾಹ ಕಾಯ್ದೆಯ 28ನೇ ಕಲಂ ಅದಕ್ಕೆ ಅವಕಾಶ ಕೊಡುವುದಿಲ್ಲ. ಆದ್ದರಿಂದ ಕೇಳುವುದನ್ನೆಲ್ಲ ಮೊದಲ ಕೋರ್ಟಿನಲ್ಲೇ ಸರಿಯಾಗಿ ಕೇಳಬೇಕು.

ಬೇರೆ ಧರ್ಮದ ಓದುಗರಿಗೆ ಚಿಕ್ಕದಾಗಿ: ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆಯ 36ನೇ ಕಲಂನಲ್ಲಿ ಹೆಂಡತಿ ಕೇಸಿನ ಖರ್ಚು ಕೇಳಬಹುದು. ಜೀವನಾಂಶ ಕೊಡಿಸುವ ನಾಗರಿಕ ಸುರಕ್ಷಾ ಸಂಹಿತೆಯ 144, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಂ, ಯಾವ ಧರ್ಮದ ಹೆಂಡತಿಗೂ ಇದೆ. ವಿಚ್ಛೇದಿತ ಮುಸ್ಲಿಂ ಮಹಿಳೆಗೂ ಅದು ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಅದರಲ್ಲೂ ಮಧ್ಯಂತರ ಜೀವನಾಂಶದ ಜೊತೆ ಕೇಸಿನ ಖರ್ಚು ಕೇಳಲು ಬರುತ್ತದೆ.

ಈಗ ನೀವು ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ: ಖರ್ಚೇ ಇಲ್ಲದೆ ವಕೀಲರು ಸಿಗುತ್ತಾರಾ? ಸಿಗುತ್ತಾರೆ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರ 12ನೇ ಕಲಂ ಪ್ರಕಾರ ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ. ಅದಕ್ಕೆ ಆದಾಯದ ಮಿತಿ ಇಲ್ಲ. ನಿಮ್ಮ ಸಂಬಳ 14,000 ಇರಲಿ, 40,000 ಇರಲಿ. ವಕೀಲರ ಫೀಸಷ್ಟೇ ಅಲ್ಲ, ಕೋರ್ಟ್ ಫೀ, ಸಮನ್ಸಿನ ಖರ್ಚೂ ಇದರಲ್ಲಿ ಸೇರುತ್ತದೆ. ಜಿಲ್ಲಾ ಪ್ರಾಧಿಕಾರ ಕಾರವಾರದಲ್ಲಿದೆ, ತಾಲೂಕು ಸಮಿತಿ ತಾಲೂಕು ಕೋರ್ಟಿನಲ್ಲೇ ಇರುತ್ತದೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ. ಪುಕ್ಕಟೆ ವಕೀಲರು ಅಂದರೆ ಕೆಲಸಕ್ಕೆ ಬಾರದವರು ಎಂಬ ಮಾತು ನಮ್ಮ ಕಡೆ ಬಹಳ. ಪ್ಯಾನೆಲ್‌ನಲ್ಲಿ ಒಳ್ಳೆಯವರೂ ಇದ್ದಾರೆ, ಉದಾಸೀನದವರೂ ಇದ್ದಾರೆ. ದುಡ್ಡು ಕೊಟ್ಟು ಹಿಡಿದವರಲ್ಲೂ ಹಾಗೇ ಅಲ್ವಾ? ಸರಿಹೋಗದಿದ್ದರೆ ಬದಲಿಸಿ ಕೊಡಿ ಎಂದು ಅರ್ಜಿ ಬರೆಯಬಹುದು.

ರಾಜಿಯ ಮಾತು ಬಂದೇ ಬರುತ್ತದೆ, ಬರಲಿ. ಲೋಕ ಅದಾಲತ್ತಿನಲ್ಲಿ ವಿಚ್ಛೇದನವೊಂದನ್ನು ಬಿಟ್ಟು ಜೀವನಾಂಶ, ಆಸ್ತಿ ಎಲ್ಲ ತೀರ್ಮಾನವಾಗುತ್ತದೆ, ಕಟ್ಟಿದ ಕೋರ್ಟ್ ಫೀ ವಾಪಸು ಬರುತ್ತದೆ. ಆದರೆ ರಾಜಿಪತ್ರದಲ್ಲಿ "ಮನೆಯನ್ನು ಹೆಂಡತಿಗೆ ಬಿಟ್ಟುಕೊಡಲಾಗಿದೆ" ಎಂದು ಬರೆದು ಮುಗಿಸಿದರೆ ಮುಂದೆ ತಕರಾರು ಶುರು. ಆ ಕೇಸಿನ ವಿಷಯವೇ ಆಗಿರದ ಸ್ಥಿರಾಸ್ತಿಯನ್ನು ರಾಜಿ ಡಿಕ್ರಿಯಲ್ಲಿ ಸೇರಿಸಿದರೆ, ಆ ಡಿಕ್ರಿಯನ್ನು ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ಮುದ್ರಾಂಕ ಶುಲ್ಕ ಯಾರದು ಎಂದು ಬರೆಯದಿದ್ದರೆ, ಕರ್ನಾಟಕ ಮುದ್ರಾಂಕ ಕಾಯ್ದೆಯ ಪ್ರಕಾರ ಕ್ರಯಪತ್ರದಲ್ಲಿ ಅದು ಆಸ್ತಿ ಪಡೆಯುವವರ ಮೇಲೆ, ಪಾಲುಪತ್ರದಲ್ಲಿ ಪಾಲಿನ ಪ್ರಮಾಣಕ್ಕೆ. ಅಂದರೆ ಮನೆ ಸಿಕ್ಕಿತು ಎಂದು ನೀವು ಖುಷಿಯಲ್ಲಿರುವಾಗ ಶುಲ್ಕದ ಚೀಟಿ ನಿಮ್ಮ ಕೈಗೇ ಬರುತ್ತದೆ. ಗಂಡ ಹೆಂಡತಿ ನಡುವಿನ ದಾನಪತ್ರಕ್ಕೆ ಶುಲ್ಕ ಕ್ರಯಪತ್ರಕ್ಕಿಂತ ಎಷ್ಟೋ ಕಡಿಮೆ. ಆದರೆ ಡಿಕ್ರಿಯಾದ ಮೇಲೆ ನೀವು ಅವರ ಹೆಂಡತಿಯಲ್ಲ. ಕಾಗದ ಮಾಡಿಸುವುದಿದ್ದರೆ ಡಿಕ್ರಿಗೆ ಮುಂಚೆ ಮಾಡಿಸಿ. ಮುದ್ರಾಂಕ, ನೋಂದಣಿ, ಸಾಲ ತೀರಿಸಿ ಬ್ಯಾಂಕಿನಿಂದ ಕಾಗದ ಬಿಡಿಸುವುದು, ಬಾಕಿ ಮನೆಪಟ್ಟಿ, ಇಬ್ಬರ ವಕೀಲರ ಫೀಸು, ಒಂದೊಂದಕ್ಕೂ ಯಾರು ಕೊಡಬೇಕು, ಯಾವ ತಾರೀಖಿನೊಳಗೆ ಎಂದು ಹೆಸರು ಹಾಕಿ ಬರೆಸಿ.

ಕೊನೆಗೆ ಆ ಹತ್ತು ಪರ್ಸೆಂಟ್ ವಕೀಲರು. ಕೊಡಬೇಡಿ. ಕೇಸಿನ ಫಲದ ಮೇಲೆ ಫೀಸು ಗೊತ್ತುಮಾಡುವುದು, ಆಸ್ತಿಯಲ್ಲಿ ಪಾಲು ಕೇಳುವುದು ಭಾರತೀಯ ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧ. ಅಂಥ ಕರಾರಿಗೆ ಸಹಿ ಹಾಕಿದ್ದರೂ ಅದನ್ನು ಹಿಡಿದು ಅವರು ವಸೂಲಿ ಮಾಡಲಾರರು. ಫೀಸನ್ನು ಹಂತ ಹಂತವಾಗಿ ಮಾತಾಡಿಕೊಳ್ಳಿ: ಗಂಡನ ಅರ್ಜಿಗೆ ಉತ್ತರವಾಗಿ ತಕರಾರು ಸಲ್ಲಿಸುವಾಗ ಇಷ್ಟು, ಸಾಕ್ಷಿ ಶುರುವಾದಾಗ ಇಷ್ಟು, ವಾದಕ್ಕೆ ಇಷ್ಟು. ಪ್ರತಿ ಸಲ ರಸೀದಿ ತೆಗೆದುಕೊಳ್ಳಿ, 24ನೇ ಕಲಂನ ಅರ್ಜಿಗೂ ಅದೇ ಪುರಾವೆ. ಮಧ್ಯದಲ್ಲಿ ವಕೀಲರನ್ನು ಬದಲಿಸಬೇಕಾದರೆ "ಬಾಕಿ ಕೊಟ್ಟರೆ ಮಾತ್ರ ಫೈಲು" ಎನ್ನುವ ಹಕ್ಕು ಅವರಿಗಿಲ್ಲ. 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮನೆಯ ಕ್ರಯಪತ್ರ, ಬಂಗಾರದ ಬಿಲ್ಲಿನ ಮೂಲಪ್ರತಿಗಳನ್ನು ಮಾತ್ರ ಕೋರ್ಟಿಗೆ ಹಾಜರುಪಡಿಸುವ ದಿನದವರೆಗೆ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ವಕೀಲರಿಗೆ ಝೆರಾಕ್ಸ್ ಸಾಕು.